ತಾಮ್ರಪಟದ ಭಕ್ತಿಚಿತ್ರಗಳು

ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರನ ಜಾತ್ರೆಗೆ ಹೋದವರಾಗಲಿ, ಸವದತ್ತಿಯ ಗುಡ್ಡಕ್ಕೆ ಎಲ್ಲಮ್ಮನ ಹುಣ್ಣಿಮೆಗೆ ನಡೆದವರಾಗಲಿ ಬರಿಗೈಯಲ್ಲಿ ಮನೆಗೆ ಮರಳುವುದಿಲ್ಲ. ಪ್ರಸಾದದ ಗಂಟಿನೊಡನೆ ದೇವರ ಒಂದು ಪಟವೂ ಬರುತ್ತದೆ. ಕಟ್ಟು ಹಾಕಿಸಿದ ಆ ಪಟ ಜಗುಲಿಯ ಮೇಲೆ ಕೂಡುತ್ತದೆ, ವಿಭೂತಿ-ಕುಂಕುಮಗಳನ್ನು ಧರಿಸುತ್ತದೆ, ವರ್ಷ ಕಳೆದಂತೆ ಹೊಗೆಗೆ ಕಂದುತ್ತದೆ. ಅದೇ ಅಚ್ಚಿನಿಂದ ಇಳಿದ ಸಾವಿರಾರು ಪಟಗಳು ಬೇರೆ ಬೇರೆ ಊರುಗಳ ಜಗುಲಿಗಳ ಮೇಲೂ ಇವೆಯೆಂಬ ವಿಚಾರ ಯಾರನ್ನೂ ಕಾಡುವುದಿಲ್ಲ. ಕಾಗದದ ಮೇಲೆ ಅಚ್ಚಾದ ದೇವರು ಇಂದಿನ ಭಕ್ತನಿಗೆ ಅಷ್ಟು ಸಹಜವಾಗಿ ಹೋಗಿದ್ದಾನೆ.

ಆದರೆ ಕಿತ್ತೂರು ನಾಡಿನಲ್ಲಿ ಈ ಸಹಜತೆಗೆ ಹೆಚ್ಚು ವಯಸ್ಸಾಗಿಲ್ಲ. ಕಿತ್ತೂರಿನ ಕೋಟೆಯಲ್ಲಿ ರಾಣಿ ಚೆನ್ನಮ್ಮಾಜಿ ೧೮೨೪ರಲ್ಲಿ ಕಂಪನಿ ಸರಕಾರದೊಡನೆ ಹೋರಾಡಿದ ಕಾಲಕ್ಕೆ ಈ ಸೀಮೆಯ ಭಕ್ತರ ಮನೆಗಳಲ್ಲಿ ಅಚ್ಚಿನ ಪಟಗಳ ರೂಢಿಯೇ ಇರಲಿಲ್ಲ. ಗುಡಿಯ ಶಿಲ್ಪ, ಗೋಡೆಯ ಮೇಲಿನ ಬಣ್ಣದ ಬರಹ, ಜಗುಲಿಯ ಮೇಲಿನ ಲೋಹದ ಮೂರ್ತಿ ಇದ್ದುವು. ಇವುಗಳಲ್ಲಿ ಪ್ರತಿಯೊಂದೂ ಒಂಟಿ. ಒಂದರಂತೆಯೇ ಇನ್ನೊಂದು, ಅದರಂತೆಯೇ ಮತ್ತೊಂದು ಎಂಬ ಪಡಿಯಚ್ಚಿನ ಚಿತ್ರ ಭಕ್ತಿಯ ಬದುಕಿನೊಳಕ್ಕೆ ಬಂದುದು ತೀರ ಈಚೆಗೆ.

ಈ ಅನುಭವ ಯುರೋಪು ಖಂಡದ ಜನರಿಗೆ ಬಹಳ ಮೊದಲೇ ಒದಗಿತು. ಅಲ್ಲಿ ಅದು ತನ್ನ ತುತ್ತತುದಿಯನ್ನು ಮುಟ್ಟಿದುದು ಕಲಾಚರಿತ್ರಕಾರರು ಉತ್ತರ ಬರೋಕ್ ಎಂದು ಕರೆಯುವ ಕಾಲದಲ್ಲಿ, ಎಂದರೆ ಹದಿನೇಳನೆಯ ಶತಮಾನದ ಕೊನೆಯಿಂದ ೧೭೭೦ರ ಸುಮಾರಿನವರೆಗೆ. ಆ ಕಾಲದ ಭಕ್ತಿಚಿತ್ರಗಳು ತಾಮ್ರದ ತಗಡಿನಿಂದ ಇಳಿದವು. ಅವುಗಳ ತಯಾರಿಕೆಯ ಬಗೆಯನ್ನೂ, ಭಕ್ತರು ಅವುಗಳನ್ನು ಬಳಸಿದ ರೀತಿಯನ್ನೂ, ಅವುಗಳಿಂದ ಒದಗಿದ ಲಾಭ-ಅಪಾಯಗಳನ್ನೂ ತಿಳಿದುಕೊಂಡರೆ ಜಗುಲಿಯ ಮೇಲಿನ ಪಟವನ್ನು ನೋಡುವ ಕಣ್ಣು ಇನ್ನಷ್ಟು ಸ್ಪಷ್ಟವಾಗುತ್ತದೆ.

ಓಲೆಗರಿಯ ನಿದರ್ಶನ

ತಾಮ್ರಪಟದ ಮುದ್ರಣ ಕನ್ನಡಿಗರಿಗೆ ತೀರ ಅಪರಿಚಿತವಾದ ತತ್ತ್ವವನ್ನು ಆಶ್ರಯಿಸಿದುದಲ್ಲ. ವಚನಗಳ ಓಲೆಗರಿಗಳನ್ನು ಕಂಡವರಿಗೆ ಅದರ ಅರ್ಧಭಾಗ ತಿಳಿದೇ ಇದೆ.

ಓಲೆಯ ಮೇಲೆ ಲಿಪಿಕಾರನು ಮಸಿಯಿಂದ ಬರೆಯುತ್ತಿರಲಿಲ್ಲ. ಕಬ್ಬಿಣದ ಕಂಠದಿಂದ ಕೊರೆಯುತ್ತಿದ್ದನು. ಕೊರೆದ ಕೂಡಲೇ ಅಕ್ಷರ ಕಣ್ಣಿಗೆ ಕಾಣಿಸದು. ಗರಿಯ ಬಣ್ಣವೇ ಗೀರಿನ ಬಣ್ಣವೂ ಆಗಿರುತ್ತದೆ. ಆಮೇಲೆ ದೀಪದ ಕಾಡಿಗೆಗೆ ಎಣ್ಣೆಯನ್ನೋ ಎಲೆಯ ರಸವನ್ನೋ ಬೆರೆಸಿ ಗರಿಯ ತುಂಬ ಸವರಿ, ಅರಿವೆಯಿಂದ ಒರೆಸಿಬಿಡುವರು. ಮೇಲ್ಮೈಯ ಮೇಲಿನ ಮಸಿ ಅರಿವೆಗೆ ಹೋಗುತ್ತದೆ, ಗೀರಿನೊಳಗಿನ ಮಸಿ ಉಳಿಯುತ್ತದೆ. ಆಗ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ.

ತಾಮ್ರಪಟದ ಮುದ್ರಣದ ತತ್ತ್ವ ಇದೇ. ಗರಿಗೆ ಬದಲು ತಾಮ್ರದ ತಗಡು, ಕಂಠಕ್ಕೆ ಬದಲು ಉಕ್ಕಿನ ಚಾಣ. ಮಸಿ ಸವರುವುದು, ಮೇಲ್ಮೈ ಒರೆಸುವುದು, ಗೀರಿನಲ್ಲಿ ಮಸಿ ಉಳಿಯುವುದು ಎಲ್ಲವೂ ಸಮಾನ. ಮುಂದಿನ ಒಂದು ಹೆಜ್ಜೆ ಮಾತ್ರ ಓಲೆಯ ನಾಡಿನಲ್ಲಿ ಇಡಲ್ಪಡಲಿಲ್ಲ. ಮಸಿ ತುಂಬಿದ ತಗಡಿನ ಮೇಲೆ ನೆನೆಸಿ ಮೆತ್ತಗಾಗಿಸಿದ ಕಾಗದವನ್ನು ಹಾಸಿ, ಅದರ ಮೇಲೆ ಉಣ್ಣೆಯ ಬಟ್ಟೆಯಿಟ್ಟು, ಎರಡು ಉರುಳೆಗಳ ನಡುವೆ ಹಾಯಿಸಿದರೆ ಕಾಗದವು ಗೀರಿನೊಳಕ್ಕೆ ಇಳಿದು ಮಸಿಯನ್ನು ಹೀರಿಕೊಂಡು ಬರುತ್ತದೆ. ಕಬ್ಬಿನ ಗಾಣದ ಉರುಳೆಗಳನ್ನು ನೆನೆದರೆ ಆ ಯಂತ್ರದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹೀಗೆ ಇಳಿದ ಚಿತ್ರದ ಮೇಲೆ ಬೆರಳಾಡಿಸಿದರೆ ಗೆರೆಗಳು ತುಸು ಉಬ್ಬಿರುವುದು ತಿಳಿಯುತ್ತದೆ. ಸುತ್ತಲೂ ತಗಡಿನ ಅಂಚು ಒತ್ತಿದ ಗುರುತು ಮೂಡಿರುತ್ತದೆ. ತಾಮ್ರಪಟದ ಚಿತ್ರವನ್ನು ಗುರುತಿಸಲು ಇವೆರಡೇ ಸಾಕ್ಷಿಗಳು ಇಂದಿಗೂ ಸಾಕು.

ಹಲಸಿಯ ತಗಡುಗಳು

ತಾಮ್ರವನ್ನು ಕೊರೆಯುವ ವಿದ್ಯೆಯೂ ಈ ನಾಡಿಗೆ ಹೊಸದಲ್ಲ. ಕಿತ್ತೂರಿಗೆ ಹೆಚ್ಚು ದೂರವಲ್ಲದ ಖಾನಾಪುರ ತಾಲ್ಲೂಕಿನ ಹಲಸಿ ಹಿಂದೆ ಪಲಾಶಿಕೆಯೆಂಬ ಹೆಸರಿನ ಕದಂಬರ ಪಟ್ಟಣವಾಗಿತ್ತು. ಅಲ್ಲಿ ದೊರೆತ ಕದಂಬರ ತಾಮ್ರಶಾಸನಗಳು ಐದು ಮತ್ತು ಆರನೆಯ ಶತಮಾನಗಳವು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ ಮೊದಲಾದವರು ಜಿನಾಲಯಗಳಿಗೂ ಜೈನ ಮುನಿಸಂಘಗಳಿಗೂ ಬಿಟ್ಟ ದತ್ತಿಗಳು ಅವುಗಳಲ್ಲಿ ಕೊರೆಯಲ್ಪಟ್ಟಿವೆ. ಹೀಗೆ ಸಾವಿರದ ಐನೂರು ವರ್ಷಗಳ ಹಿಂದೆಯೇ ಈ ಸೀಮೆಯಲ್ಲಿ ತಾಮ್ರದ ಮೇಲೆ ಸೂಕ್ಷ್ಮವಾದ ಅಕ್ಷರಗಳನ್ನು ಬಿಡಿಸಬಲ್ಲ ಕೈಗಳಿದ್ದುವು.

ಹಾಗಾದರೆ ಆ ತಗಡುಗಳಿಂದ ಅಚ್ಚು ತೆಗೆಯುವ ಆಲೋಚನೆ ಏಕೆ ಹುಟ್ಟಲಿಲ್ಲ? ಶಾಸನದ ಉದ್ದೇಶವನ್ನು ನೋಡಿದರೆ ಉತ್ತರ ದೊರೆಯುತ್ತದೆ. ದಾನಪತ್ರವು ಒಂದೇ ಆಗಿರಬೇಕು. ದಾನ ಪಡೆದವನ ಬಳಿಯಲ್ಲಿರಬೇಕು. ಬಳೆಯಿಂದ ಪೋಣಿಸಿ ಅರಸನ ಮುದ್ರೆಯೊತ್ತಿದ ಆ ತಗಡೇ ಪ್ರಮಾಣ. ಅದರ ನಕಲು ಎಂದರೆ ಕೂಟಶಾಸನ, ಎಂದರೆ ಮೋಸ. ಶಾಸನದ ಕೆತ್ತನೆಗಾರನು ಅಕ್ಷರಗಳನ್ನು ನೇರವಾಗಿ, ಓದುವ ದಿಕ್ಕಿನಲ್ಲಿಯೇ ಕೊರೆದನು. ಮುದ್ರಣದ ಕೆತ್ತನೆಗಾರನಾದರೋ ಎಲ್ಲವನ್ನೂ ತಿರುವುಮುರುವಾಗಿ ಕೊರೆಯಬೇಕು; ತಗಡಿನ ಎಡ ಕಾಗದದ ಬಲವಾಗುತ್ತದೆ. ಈ ಎಚ್ಚರ ತಪ್ಪಿದಾಗ ಸಂತನು ಎಡಗೈಯಿಂದ ಆಶೀರ್ವದಿಸುವ ಚಿತ್ರಗಳು ಅಚ್ಚಾದದ್ದುಂಟು.

ಹಲಸಿಯ ತಗಡುಗಳೂ ಒಂದು ಬಗೆಯಲ್ಲಿ ಅಚ್ಚಿಗೆ ಬಂದುವು, ಸಾವಿರದ ನಾನೂರು ವರ್ಷಗಳಷ್ಟು ತಡವಾಗಿ. ಶಾಸನತಜ್ಞ ಫ್ಲೀಟರು ಅವುಗಳ ಪಾಠವನ್ನು ೧೮೭೭ರ ಇಂಡಿಯನ್ ಆಂಟಿಕ್ವೆರಿ ಸಂಪುಟದಲ್ಲಿ ಪ್ರಕಟಿಸಿದರು. ಶಾಸನಗಳ ಪಡಿಯಚ್ಚು ತೆಗೆಯುವ ಕ್ರಮ ಮಾತ್ರ ತಾಮ್ರಪಟದ ಮುದ್ರಣಕ್ಕೆ ವಿರುದ್ಧವಾದುದು. ಅಲ್ಲಿ ಒದ್ದೆಯ ಕಾಗದವನ್ನು ಅಕ್ಷರಗಳೊಳಕ್ಕೆ ತಟ್ಟಿ ಇಳಿಸಿ, ಮೇಲಿನಿಂದ ಮಸಿಯ ಗಂಟನ್ನು ಒತ್ತುವರು. ಮಸಿ ಮೇಲ್ಮೈಗೆ ಹತ್ತುತ್ತದೆ, ತಗ್ಗಿನಲ್ಲಿರುವ ಅಕ್ಷರ ಬಿಳಿದಾಗಿ ಉಳಿಯುತ್ತದೆ. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳಿರುವ ಶಾಸನದ ಪಟಗಳನ್ನು ವಿದ್ಯಾರ್ಥಿಗಳು ಪುಸ್ತಕಗಳಲ್ಲಿ ಕಂಡಿರುತ್ತಾರೆ. ಅವು ಹಾಗಿರಲು ಕಾರಣವಿದು.

ಚಾಣ ಮತ್ತು ಆಮ್ಲ

ತಾಮ್ರದ ತಗಡಿನಲ್ಲಿ ಗೆರೆಯನ್ನು ಮೂಡಿಸಲು ಮುಖ್ಯವಾಗಿ ಎರಡು ಮಾರ್ಗಗಳಿದ್ದುವು. ಮೊದಲನೆಯದು ನೇರವಾದ ಕೆತ್ತನೆ. ಚೂಪಾದ ಚಾಣವನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತ ಲೋಹವನ್ನು ಎಳೆಯಾಗಿ ಸೀಳಿ ತೆಗೆಯುವುದು. ಇದು ವರ್ಷಗಟ್ಟಲೆಯ ಸಾಧನೆಯನ್ನು ಬೇಡುವ ವಿದ್ಯೆ. ಗೆರೆ ಸ್ವಚ್ಛವಾಗಿ, ಗಂಭೀರವಾಗಿ, ಅಳತೆಗೆ ಒಳಪಟ್ಟು ಬರುತ್ತದೆ.

ಎರಡನೆಯದು ಆಮ್ಲದ ಕೆತ್ತನೆ. ಪಾಶ್ಚಾತ್ಯರು ಎಚಿಂಗ್ ಎಂದು ಕರೆಯುವುದು ಇದನ್ನೇ. ತಗಡನ್ನು ತುಸು ಕಾಯಿಸಿ ಅದರ ಮೇಲೆ ಮೇಣ, ರಾಳ, ಡಾಂಬರಿನ ಜಾತಿಯ ಅಂಟು ಇವುಗಳ ತೆಳುವಾದ ಲೇಪವನ್ನು ಹಚ್ಚುವರು. ಮೇಣದ ಬತ್ತಿಯ ಹೊಗೆಯಿಂದ ಅದನ್ನು ಕಪ್ಪಾಗಿಸುವರು. ಆಮೇಲೆ ಸೂಜಿಯಿಂದ ಆ ಲೇಪದ ಮೇಲೆ ಚಿತ್ರ ಬರೆಯುವರು. ಸೂಜಿ ಹರಿದಲ್ಲಿ ಲೇಪ ಕಿತ್ತು ತಾಮ್ರದ ಕೆಂಪು ಕಾಣುತ್ತದೆ. ಬರೆದು ಮುಗಿದ ಮೇಲೆ ತಗಡಿನ ಮೇಲೆ ಆಮ್ಲವನ್ನು ಹಾಯಿಸಿದರೆ, ಲೇಪವಿರುವ ಕಡೆ ಅದಕ್ಕೆ ಪ್ರವೇಶವಿಲ್ಲ. ತೆರೆದ ಗೆರೆಯಲ್ಲಿ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತೆಳುವಾದ ಗೆರೆ, ಹೆಚ್ಚು ಹೊತ್ತು ಬಿಟ್ಟರೆ ದಟ್ಟವಾದ ಗೆರೆ. ದೂರದ ಬೆಟ್ಟ, ಮೋಡ ಮುಂತಾದುವನ್ನು ಮೊದಲ ತಿನಿತಕ್ಕೇ ನಿಲ್ಲಿಸಿ ಅವುಗಳ ಮೇಲೆ ಲೇಪ ಮುಚ್ಚಿ, ಹತ್ತಿರದ ಮನುಷ್ಯರೂಪಗಳನ್ನು ಮತ್ತೆ ಮತ್ತೆ ಆಮ್ಲಕ್ಕೆ ಒಡ್ಡುವರು. ಹೀಗೆ ಬೆಳಕು ನೆರಳುಗಳ ಹಂತಗಳು ಮೂಡುತ್ತವೆ.

ಫ್ರಾನ್ಸಿನ ಅಬ್ರಹಾಂ ಬಾಸ್ ೧೬೪೫ರಲ್ಲಿ ಈ ವಿದ್ಯೆಯ ಮೇಲೆ ಒಂದು ಕೈಪಿಡಿಯನ್ನು ಪ್ರಕಟಿಸಿದನು. ನೂರು ವರ್ಷಗಳ ತರುವಾಯ, ೧೭೪೫ರಲ್ಲಿ, ಕೊಷ್ಯಾಂ ಎಂಬ ಕಲಾವಿದನು ಅದನ್ನೇ ಹೆಚ್ಚಿಸಿ ಮರಳಿ ಹೊರತಂದನು. ಗುರುವಿನ ಕೈಕೆಳಗೆ ಮಾತ್ರ ಕಲಿಯಬಹುದಾಗಿದ್ದ ವಿದ್ಯೆ ಪುಸ್ತಕದ ಮೂಲಕ ಹರಡಿತು.

ಚಾಣಕ್ಕೂ ಸೂಜಿಗೂ ಇರುವ ವ್ಯತ್ಯಾಸ ಕೇವಲ ಉಪಕರಣದ್ದಲ್ಲ. ಚಾಣದ ಕೆತ್ತನೆ ಕಸುಬುದಾರನದು. ಲೋಹದ ಪ್ರತಿರೋಧವನ್ನು ಗೆಲ್ಲುವ ಕೈ ಬೇಕು. ಸೂಜಿಯಾದರೋ ಮೇಣದ ಮೇಲೆ ಲೇಖನಿಯಂತೆ ಓಡಾಡುತ್ತದೆ; ಶ್ರಮದ ಭಾಗವನ್ನು ಆಮ್ಲವೇ ವಹಿಸಿಕೊಳ್ಳುತ್ತದೆ. ಆದುದರಿಂದ ಕೆತ್ತನೆಯ ಕಸುಬನ್ನು ಕಲಿಯದ ಚಿತ್ರಕಾರನೂ ತನ್ನ ಭಾವವನ್ನು ನೇರವಾಗಿ ತಗಡಿಗೆ ಇಳಿಸಬಹುದಾಯಿತು. ವೆನಿಸ್ ನಗರದ ಜಾನ್‌ಡೊಮೆನಿಕೊ ಟೀಪೊಲೊ ಇದಕ್ಕೆ ಒಳ್ಳೆಯ ಉದಾಹರಣೆ. ೧೭೪೯ರಲ್ಲಿ ಅವನು ಏಸುವಿನ ಶಿಲುಬೆಯ ಹಾದಿಯ ಹದಿನಾಲ್ಕು ಘಟ್ಟಗಳನ್ನು ಆಮ್ಲದ ಕೆತ್ತನೆಯಲ್ಲಿ ಹೊರತಂದನು. ೧೭೫೩ರಲ್ಲಿ ಪ್ರಕಟವಾದ ಅವನ ಇನ್ನೊಂದು ಮಾಲೆಯ ವಸ್ತು, ಮೇರಿ ಮತ್ತು ಜೋಸೆಫರು ಎಳೆಯ ಕೂಸಿನೊಡನೆ ಈಜಿಪ್ತಿಗೆ ಓಡಿಹೋದ ಕಥೆ. ಆ ಒಂದೇ ಪ್ರಸಂಗವನ್ನು ಅವನು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬೇರೆ ಬೇರೆಯಾಗಿ ಕಂಡನು. ಹೊರಡುವುದು, ಹೊಳೆ ದಾಟುವುದು, ದಣಿದು ಕೂರುವುದು, ಬೆನ್ನು ತಿರುಗಿಸಿ ನಡೆಯುವುದು ಹೀಗೆ ದಾರಿಯೇ ಕಾವ್ಯವಾಯಿತು. ಒಂದೇ ಅನುಭವವನ್ನು ಹಲವು ವಚನಗಳಲ್ಲಿ ಬೇರೆ ಬೇರೆ ಉಪಮೆಗಳಿಂದ ಸುತ್ತಿ ಬರುವ ಶರಣರ ರೀತಿಯನ್ನು ಬಲ್ಲವರಿಗೆ ಈ ಕ್ರಮದ ಸೊಗಸು ಬೇಗನೆ ಮನಸ್ಸಿಗೆ ಹತ್ತುತ್ತದೆ.

ಭಕ್ತಿಯ ಪೇಟೆ

ಧರ್ಮಚಿತ್ರಗಳು ಇಷ್ಟೊಂದು ಬೆಳೆಯಲು ಕಾರಣವಾದ ವಿವಾದ ಹದಿನಾರನೆಯ ಶತಮಾನದ್ದು. ವಿಗ್ರಹ-ಚಿತ್ರಗಳ ಪೂಜೆ ದೇವರ ಆಜ್ಞೆಗೆ ವಿರುದ್ಧವೆಂದು ಪ್ರೊಟೆಸ್ಟಂಟ್ ಸುಧಾರಕರಲ್ಲಿ ಹಲವರು ಸಾರಿದರು. ಕೆಲವು ಕಡೆ ಚರ್ಚುಗಳ ಮೂರ್ತಿಗಳು ಒಡೆಯಲ್ಪಟ್ಟುವು. ಅದಕ್ಕೆ ಉತ್ತರವಾಗಿ ಕ್ಯಾಥೊಲಿಕರು ಟ್ರೆಂಟ್ ಧರ್ಮಸಭೆಯಲ್ಲಿ, ೧೫೬೩ರಲ್ಲಿ, ಒಂದು ನಿರ್ಣಯ ಮಾಡಿದರು. ಚಿತ್ರದಲ್ಲಿಯೇ ದೈವತ್ವ ನೆಲೆಸಿದೆಯೆಂದು ತಿಳಿಯಬಾರದು. ಚಿತ್ರಕ್ಕೆ ಸಲ್ಲುವ ಗೌರವ ಅದು ಯಾರನ್ನು ತೋರಿಸುವುದೋ ಅವರಿಗೆ ಸಲ್ಲುತ್ತದೆ. ಅಕ್ಷರ ಬಾರದವರಿಗೆ ಚಿತ್ರವೇ ಬೋಧೆ. ಈ ಮಾತಿನ ಬಲದಿಂದ ಏಸುಸಂಘದವರು ಚಿತ್ರವನ್ನು ಧ್ಯಾನದ ಸಾಧನವಾಗಿ ಬೆಳೆಸಿದರು. ಆಂಟ್‌ವರ್ಪ್ ನಗರದಲ್ಲಿ ೧೫೯೩ರಲ್ಲಿ ಅಚ್ಚಾದ ನಾದಾಲ್ ಪಾದ್ರಿಯ ಗ್ರಂಥದಲ್ಲಿ ಸುವಾರ್ತೆಯ ಕಥೆಗೆ ೧೫೩ ತಾಮ್ರಪಟಗಳಿದ್ದುವು.

ಹದಿನೆಂಟನೆಯ ಶತಮಾನಕ್ಕೆ ಈ ಉದ್ಯಮದ ದೊಡ್ಡ ಕೇಂದ್ರವಾದುದು ಜರ್ಮನಿಯ ಆಗ್ಸ್‌ಬರ್ಗ್. ಅದು ಎರಡು ಮತಗಳ ಪಟ್ಟಣ. ೧೬೪೮ರ ಒಪ್ಪಂದದ ಮೇರೆಗೆ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ಆಡಳಿತದಲ್ಲಿ ಸಮಾನ ಸ್ಥಾನವಿದ್ದಿತು. ಕ್ಲೌಬರ್ ಸೋದರರು ತಮ್ಮ ಚಿತ್ರಗಳ ಅಡಿಯಲ್ಲಿ ಹೆಸರಿನೊಡನೆ ಕ್ಯಾಥೊಲಿಕರೆಂಬ ಗುರುತನ್ನೂ ಒತ್ತುತ್ತಿದ್ದರು. ಅದೇ ಊರಿನಲ್ಲಿ ಪ್ರೊಟೆಸ್ಟಂಟನಾದ ಮಾರ್ಟಿನ್ ಎಂಗೆಲ್‌ಬ್ರೆಕ್ಟನ ಅಂಗಡಿಯೂ ನಡೆಯುತ್ತಿತ್ತು. ಮೇರಿಮಾತೆಯ ನಾಮಾವಳಿಯ ಒಂದೊಂದು ನಾಮಕ್ಕೆ ಒಂದೊಂದು ಚಿತ್ರವೆಂಬಂತೆ ಕ್ಲೌಬರರು ಕೊರೆದ ಮಾಲೆ ೧೭೫೦ರಲ್ಲಿ ಗ್ರಂಥವಾಗಿ ಬಂದಿತು. ಸಹಸ್ರನಾಮವನ್ನು ಕೇಳಿ ಬೆಳೆದವರಿಗೆ ಅದರ ಹದ ಹೇಳದೆಯೇ ತಿಳಿಯುತ್ತದೆ.

ಸಾಮಾನ್ಯ ಭಕ್ತನ ಕೈಸೇರಿದುದು ಇಂಥ ದೊಡ್ಡ ಗ್ರಂಥವಲ್ಲ, ಅಂಗೈಯಗಲದ ಬಿಡಿಚಿತ್ರ. ಬವೇರಿಯದ ಆಲ್ಟೋಟಿಂಗ್, ಆಸ್ಟ್ರಿಯದ ಮಾರಿಯಾಚೆಲ್ ಮೊದಲಾದ ಕ್ಷೇತ್ರಗಳಿಗೆ ನಡೆದುಬಂದ ಯಾತ್ರಿಕರು ಅಲ್ಲಿಯ ಮೂರ್ತಿಯ ಅಚ್ಚಿನ ಚಿತ್ರವನ್ನು ಕೊಂಡೊಯ್ಯುತ್ತಿದ್ದರು. ಅದನ್ನು ಪ್ರಾರ್ಥನೆಯ ಪುಸ್ತಕದ ಹಾಳೆಗಳ ನಡುವೆ ಇರಿಸುವರು, ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸುವರು, ದನದ ಕೊಟ್ಟಿಗೆಯ ಬಾಗಿಲಿಗೂ ಹಚ್ಚುವರು. ಕೆಲವು ಚಿತ್ರಗಳನ್ನು ಮೂಲಮೂರ್ತಿಗೆ ಮುಟ್ಟಿಸಿ ಕೊಡುವ ಪದ್ಧತಿಯಿತ್ತು. ಹಾಗೆ ಮುಟ್ಟಿಸಿದ್ದೆಂಬ ಒಕ್ಕಣೆ ಚಿತ್ರದಲ್ಲಿಯೇ ಅಚ್ಚಾಗಿರುತ್ತಿತ್ತು. ಇನ್ನೂ ವಿಚಿತ್ರವಾದುದೆಂದರೆ ನುಂಗುವ ಚಿತ್ರಗಳು. ಒಂದು ಹಾಳೆಯಲ್ಲಿ ಅಂಚೆಚೀಟಿಗಳಂತೆ ಸಾಲಾಗಿ ಅಚ್ಚಾದ ಪುಟ್ಟ ಪುಟ್ಟ ದೇವರ ಚಿತ್ರಗಳನ್ನು ಕತ್ತರಿಸಿ, ಬೇನೆಬಿದ್ದವರು ನೀರಿನೊಡನೆ ನುಂಗುತ್ತಿದ್ದರು. ದನಕರುಗಳಿಗೂ ಮೇವಿನಲ್ಲಿ ಬೆರೆಸಿ ಕೊಡುತ್ತಿದ್ದರು.

ನೋಡುವ ಚಿತ್ರ ನುಂಗುವ ಔಷಧವಾದದ್ದನ್ನು ಕಂಡು ಇಂದಿನವರು ನಗಬಹುದು. ಆದರೆ ಅದರ ಹಿಂದಿನ ಹಂಬಲ ನಗುವಂಥದಲ್ಲ. ಒಂಟಿಯಾಗಿದ್ದ ಪವಿತ್ರವಸ್ತುವಿನಿಂದ ಸಾವಿರ ಪಡಿಯಚ್ಚುಗಳು ಹೊರಟಾಗ, ಮೂಲದ ಶಕ್ತಿ ಅವುಗಳಿಗೂ ಬರುವುದೇ ಎಂಬ ಅಳುಕು ಭಕ್ತನನ್ನು ಕಾಡಿತು. ಮುಟ್ಟಿಸುವುದು, ನುಂಗುವುದು ಎಲ್ಲವೂ ಆ ಅಳುಕಿಗೆ ಅವನು ಕಂಡುಕೊಂಡ ಪರಿಹಾರಗಳು. ಚಿತ್ರದಲ್ಲಿ ದೈವತ್ವ ನೆಲೆಸಿಲ್ಲವೆಂದು ಟ್ರೆಂಟ್ ಸಭೆ ಸಾರಿದ್ದರೂ, ಜನರ ಕೈ ಬೇರೆಯದನ್ನೇ ನಂಬಿತು. ಕೊನೆಗೆ ೧೭೮೦ರ ದಶಕದಲ್ಲಿ ಆಸ್ಟ್ರಿಯದ ಅರಸ ಎರಡನೆಯ ಜೋಸೆಫನು ಯಾತ್ರೆಗಳಿಗೆ ಕಡಿವಾಣ ಹಾಕಿ, ಅನೇಕ ಮಠಗಳನ್ನು ಮುಚ್ಚಿದನು. ೧೮೦೩ರಲ್ಲಿ ಬವೇರಿಯದ ಮಠಗಳೂ ಸರಕಾರದ ವಶವಾದುವು. ಭಕ್ತಿಚಿತ್ರದ ಹಳೆಯ ಪೇಟೆ ಅಲ್ಲಿಗೆ ಕುಂದಿತು.

ಚಿತ್ರದ ಅಂಕಿತ

ಆ ಕಾಲದ ತಾಮ್ರಪಟಗಳ ಅಡಿಯಂಚಿನಲ್ಲಿ ಸಣ್ಣ ಲ್ಯಾಟಿನ್ ಅಕ್ಷರಗಳಲ್ಲಿ ಕೆಲವು ಹೆಸರುಗಳಿರುತ್ತವೆ. ಮೂಲಚಿತ್ರವನ್ನು ಬರೆದವನು ಇಂಥವನು, ತಗಡಿನ ಮೇಲೆ ಕೊರೆದವನು ಇಂಥವನು, ಪ್ರಕಟಿಸಿದವನು ಇಂಥವನು ಎಂದು ಬೇರೆ ಬೇರೆಯಾಗಿ ಹೇಳಿರುತ್ತದೆ. ರಾಜಾನುಮತಿ ಪಡೆದಿದ್ದರೆ ಅದರ ಉಲ್ಲೇಖವೂ ಇರುತ್ತದೆ. ವಚನದ ಕರ್ತೃವನ್ನು ಅಂಕಿತದಿಂದ ನಿರ್ಣಯಿಸುವ ವಿದ್ಯಾರ್ಥಿಗಳಿಗೆ ಈ ಪದ್ಧತಿ ಆಸಕ್ತಿಯನ್ನು ಹುಟ್ಟಿಸದಿರದು. ಹೋಲಿಕೆಯಂತೆ ಭೇದವೂ ಇಲ್ಲಿದೆ. ವಚನಕಾರನು ತನ್ನ ಹೆಸರನ್ನು ಮರೆಸಿ ಇಷ್ಟದೈವದ ಹೆಸರನ್ನಿಡುತ್ತಾನೆ. ತಾಮ್ರಪಟವು ದೈವದ ರೂಪವನ್ನು ತೋರಿಸಿ ದುಡಿದ ಕೈಗಳ ಹೆಸರನ್ನಿಡುತ್ತದೆ. ಒಂದು ಅಹಂಕಾರವನ್ನು ಕರಗಿಸುವ ಕ್ರಮ, ಇನ್ನೊಂದು ಹೊಣೆಯನ್ನು ಒಪ್ಪಿಕೊಳ್ಳುವ ಕ್ರಮ.

ಕಾಣದವನು ಬರೆದುದು

ಈ ಹೊಣೆಯ ಮಾತು ಬಲು ಮುಖ್ಯ. ಏಕೆಂದರೆ ಭಾರತದ ದೇವರುಗಳನ್ನು ಯುರೋಪಿಗೆ ಪರಿಚಯಿಸಿದುದೂ ಇದೇ ತಾಮ್ರದ ತಗಡು. ಬರ್ನಾರ್ ಪಿಕಾರ್ ಎಂಬ ಪ್ರಸಿದ್ಧ ಕೆತ್ತನೆಗಾರನು ಫ್ರಾನ್ಸನ್ನು ಬಿಟ್ಟು ಆಂಸ್ಟರ್‌ಡ್ಯಾಮಿನಲ್ಲಿ ನೆಲೆಸಿದ್ದನು. ಜಗತ್ತಿನ ಎಲ್ಲ ಜನಾಂಗಗಳ ಧಾರ್ಮಿಕ ಆಚರಣೆಗಳನ್ನು ಕುರಿತ ಬೃಹದ್ಗ್ರಂಥವೊಂದು ೧೭೨೩ರಿಂದ ಸಂಪುಟ ಸಂಪುಟವಾಗಿ ಅಲ್ಲಿ ಹೊರಬಿದ್ದಿತು. ಪ್ರಕಾಶಕ ಬರ್ನಾರನು ಬರಹವನ್ನು ಒದಗಿಸಿದನು, ಪಿಕಾರನು ಚಿತ್ರಗಳನ್ನು ಒದಗಿಸಿದನು. ಒಟ್ಟು ಇನ್ನೂರೈವತ್ತಕ್ಕೂ ಹೆಚ್ಚು ಪಟಗಳು. ಎಲ್ಲ ಧರ್ಮಗಳನ್ನೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿ ಇರಿಸಿ ನೋಡಿದ ಔದಾರ್ಯ ಅದರ ಹೆಗ್ಗಳಿಕೆ.

ಆದರೆ ಪಿಕಾರನು ಭಾರತಕ್ಕೆ ಬಂದವನಲ್ಲ. ಹಿಂದಿನ ಪ್ರವಾಸಗ್ರಂಥಗಳ ಚಿತ್ರಗಳನ್ನೂ ಸಂಗ್ರಾಹಕರ ಬಳಿಯಿದ್ದ ಚಿತ್ರಗಳನ್ನೂ ನೋಡಿ ಅವನು ತಗಡುಗಳನ್ನು ಸಿದ್ಧಪಡಿಸಿದನು. ಇಲ್ಲಿಯ ಯೋಗಿಯ ಮೈಗೆ ಯುರೋಪಿನ ಶಿಲ್ಪದ ಸ್ನಾಯುಗಳು ಬಂದುವು. ಅವನ ಚಿತ್ರಗಳನ್ನು ನೋಡಿ ಮತ್ತೊಬ್ಬರು ಕೊರೆದರು. ತಗಡಿನಿಂದ ತಗಡಿಗೆ ಹೋಗುತ್ತ ಊಹೆ ಪ್ರಮಾಣವಾಯಿತು.

ಇದಕ್ಕೆ ಪ್ರತಿಯಾಗಿ ನೂರು ವರ್ಷ ಹಿಂದಿನ ಇನ್ನೊಬ್ಬನನ್ನು ನೆನೆಯಬಹುದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ೧೬೨೩ರಲ್ಲಿ ಗೋವೆಯ ಕಡೆಯಿಂದ ಬಂದು ಇಕ್ಕೇರಿಯನ್ನು ಕಂಡನು. ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನವನ್ನೂ, ಗುಡಿಗಳನ್ನೂ, ಜಂಗಮರನ್ನೂ ತನ್ನ ಪತ್ರಗಳಲ್ಲಿ ವರ್ಣಿಸಿದನು. ಕಣ್ಣಾರೆ ಕಂಡವನು ಮಾತಿನಲ್ಲಿ ಬರೆದನು. ಕಾಣದವನು ಚಿತ್ರದಲ್ಲಿ ಬರೆದನು. ಲೋಕವು ನಂಬಿದುದು ಹೆಚ್ಚಾಗಿ ಚಿತ್ರವನ್ನೇ.

ಕಿತ್ತೂರಿನ ನೆರೆಯಲ್ಲಿಯೇ ಓಡಾಡಿದ ಒಬ್ಬನ ಗ್ರಂಥ ಈ ದಾರಿಯ ಮುಂದಿನ ಹೆಜ್ಜೆ. ಎಡ್ವರ್ಡ್ ಮೂರ್ ಎಂಬ ಕಂಪನಿಯ ತರುಣ ಅಧಿಕಾರಿ, ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಮುಂಬಯಿಯಿಂದ ಬಂದ ತುಕಡಿಯಲ್ಲಿದ್ದನು. ಪರಶುರಾಮಭಾವೂನ ಮರಾಠಾ ಸೈನ್ಯದೊಡನೆ ಆ ತುಕಡಿ ೧೭೯೦-೯೧ರಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತ್ತು. ಆ ದಂಡಯಾತ್ರೆಯ ವೃತ್ತಾಂತವನ್ನು ಮೂರ್ ೧೭೯೪ರಲ್ಲಿ ಪ್ರಕಟಿಸಿದನು. ಆಮೇಲೆ ದೇವತಾಮೂರ್ತಿಗಳನ್ನೂ ಚಿತ್ರಗಳನ್ನೂ ಸಂಗ್ರಹಿಸಿ, ೧೮೧೦ರಲ್ಲಿ ಲಂಡನ್ನಿನಲ್ಲಿ ಹಿಂದೂ ಪ್ಯಾಂಥಿಯನ್ ಎಂಬ ಗ್ರಂಥವನ್ನು ೧೦೫ ಪಟಗಳೊಡನೆ ಹೊರತಂದನು. ಪಟಗಳನ್ನು ಕೊರೆದವರು ಇಂಗ್ಲೆಂಡಿನ ಕೆಲಸಗಾರರು. ಆದರೆ ಅವರ ಮುಂದೆ ಇಲ್ಲಿಂದ ಒಯ್ದ ಲೋಹದ ಮೂರ್ತಿಗಳೂ ಇಲ್ಲಿಯ ಚಿತ್ರಕಾರರ ಕೆಲಸವೂ ಇದ್ದುವು. ಊಹೆಯ ಸ್ಥಾನವನ್ನು ವಸ್ತು ಆಕ್ರಮಿಸಿತು. ಬರೋಕ್ ಕಾಲದ ನೆರಳು-ಬೆಳಕಿನ ಆಡಂಬರವೂ ಇಲ್ಲಿ ಇಲ್ಲ. ಬರಿಯ ರೇಖೆಯೇ ಹೆಚ್ಚು.

ಕಲ್ಲಚ್ಚು ಬಂದಿತು

ತಾಮ್ರಪಟಕ್ಕೆ ಒಂದು ದೊಡ್ಡ ಕೊರತೆಯಿತ್ತು. ಉರುಳೆಯ ಒತ್ತಡಕ್ಕೆ ಮೆತುವಾದ ತಾಮ್ರ ಸವೆಯುತ್ತದೆ; ಪ್ರತಿಗಳು ಹೆಚ್ಚಿದಂತೆ ಗೆರೆ ಮಸುಕಾಗುತ್ತದೆ. ಒಂದೊಂದು ಪ್ರತಿಗೂ ಮಸಿ ತುಂಬಿ ಒರೆಸುವ ಶ್ರಮ ಬೇರೆ. ಈ ಕೊರತೆಯನ್ನು ನೀಗಿದ ವಿದ್ಯೆ ಆಮ್ಲದ ಕೆತ್ತನೆಯ ಹೊಟ್ಟೆಯಲ್ಲಿಯೇ ಹುಟ್ಟಿತು. ಮ್ಯೂನಿಕ್ ನಗರದ ನಾಟಕಕಾರ ಸೆನೆಫೆಲ್ಡರನು ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚುಮಾಡಬೇಕೆಂದು ತಾಮ್ರದ ಮೇಲೆ ತಿರುವುಮುರುವಾಗಿ ಬರೆಯುವುದನ್ನು ಕಲಿಯುತ್ತಿದ್ದನು. ತಾಮ್ರ ದುಬಾರಿಯಾದುದರಿಂದ ಬವೇರಿಯದ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಅಭ್ಯಾಸ ನಡೆಸಿದನು. ಹಾಗೆ ೧೭೯೬ರಿಂದ ೧೭೯೮ರೊಳಗೆ ಕಲ್ಲಚ್ಚು ರೂಪುಗೊಂಡಿತು. ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ಬರೆದು ಕಲ್ಲನ್ನು ನೀರಿನಿಂದ ತೊಯ್ಸಿದರೆ, ಬರೆದ ಕಡೆ ಅಚ್ಚಿನ ಮಸಿ ಹತ್ತುತ್ತದೆ. ಒದ್ದೆಯಾದ ಕಡೆ ಹತ್ತದು. ಇಲ್ಲಿ ತಗ್ಗೂ ಇಲ್ಲ, ಉಬ್ಬೂ ಇಲ್ಲ.

ಕನ್ನಡಕ್ಕೆ ಇದರಿಂದಾದ ಉಪಕಾರ ದೊಡ್ಡದು. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಒತ್ತಕ್ಷರಗಳ ಮೊಳೆಗಳನ್ನು ಎರಕ ಹೊಯ್ಯುವ ತೊಡಕಿಲ್ಲದೆ, ಒಳ್ಳೆಯ ಲಿಪಿಕಾರನ ಕೈಬರಹವೇ ಪುಸ್ತಕವಾಯಿತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರ ೧೮೪೩ರಲ್ಲಿ ಅಚ್ಚಾದುದು ಹೀಗೆಯೇ. ಅದರ ಸಂಪಾದಕ ಹೆರ್ಮನ್ ಮೋಗ್ಲಿಂಗರು ೧೮೪೮ರಿಂದ ಹೊರತಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಭೀಮಕವಿಯ ಬಸವಪುರಾಣವೂ ಸೇರಿದೆ. ೧೩೬೯ರಲ್ಲಿ ರಚಿತವಾದ ಕಾವ್ಯ ಓಲೆಯನ್ನು ಬಿಟ್ಟು ಕಲ್ಲಿಗೆ ಏರಿತು. ಭಕ್ತಿಚಿತ್ರಗಳಿಗಾಗಿ ಬೆಳೆದ ವಿದ್ಯೆಯ ಸಂತತಿ, ಮತಪ್ರಚಾರಕ್ಕಾಗಿ ಬಂದ ಮಿಶನ್ನಿನ ಕೈಯಲ್ಲಿ ಶರಣರ ಚರಿತ್ರೆಯನ್ನು ಮುದ್ರಿಸಿದುದು ಚರಿತ್ರೆಯ ಒಂದು ವಿಶೇಷ.

ಚಿತ್ರಗಳ ಪಾಲಿಗೆ ಕಲ್ಲಚ್ಚು ಪುಣೆ-ಮುಂಬಯಿಗಳಿಂದ ಬಂದಿತು. ಪುಣೆಯ ಚಿತ್ರಶಾಲಾ ಮುದ್ರಣಾಲಯ ೧೮೭೮ರಲ್ಲಿಯೂ, ರಾಜಾ ರವಿವರ್ಮರ ಮುದ್ರಣಾಲಯ ೧೮೯೪ರಲ್ಲಿ ಮುಂಬಯಿಯಲ್ಲಿಯೂ ಪ್ರಾರಂಭವಾದುವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಒತ್ತಿ ತೆಗೆದ ದೇವರ ಪಟಗಳು ಊರೂರಿಗೆ ಹರಡಿದುವು. ಬೆಳಗಾವಿ-ಧಾರವಾಡಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು; ರೈಲು ಬಂದ ಮೇಲೆ ಆ ಪಟಗಳಿಗೆ ಇಲ್ಲಿಯ ಸಂತೆ-ಜಾತ್ರೆಗಳು ಹತ್ತಿರವಾದುವು. ಜಗುಲಿಯ ಮೇಲಿನ ಪಟದ ವಂಶಾವಳಿ ಇದು.

ಪಟ ಮತ್ತು ಪ್ರಮಾಣ

ವೀರಶೈವ ಆಚಾರದಲ್ಲಿ ಇಷ್ಟಲಿಂಗವು ಯಾರದೂ ಚಿತ್ರವಲ್ಲ, ಯಾವುದರ ಪಡಿಯಚ್ಚೂ ಅಲ್ಲ. ಗುರುವು ದೀಕ್ಷೆಯಿತ್ತು ಒಬ್ಬೊಬ್ಬನ ಕರಸ್ಥಲಕ್ಕೆ ಬೇರೆ ಬೇರೆಯಾಗಿ ಅನುಗ್ರಹಿಸಿದ್ದು ಅದು. ಮೂಲ ಯಾವುದು, ನಕಲು ಯಾವುದು ಎಂದು ಬವೇರಿಯದ ಯಾತ್ರಿಕನನ್ನು ಕಾಡಿದ ಅಳುಕು ಇಲ್ಲಿ ಹುಟ್ಟುವುದಿಲ್ಲ. ಆದುದರಿಂದ ಶರಣರ ಪಟಗಳು ಭಕ್ತನಿಗೆ ಸ್ಮರಣೆಯ ಸಾಧನಗಳು. ಸ್ಮರಣೆಗೆ ಅವು ಬಹಳ ಒದಗುತ್ತವೆ. ಎಳೆಯ ಮಕ್ಕಳಿಗೆ ಶರಣರ ಹೆಸರು ಮೊದಲು ಪರಿಚಯವಾಗುವುದೇ ಗೋಡೆಯ ಮೇಲಿನ ಪಟದಿಂದ.

ಸ್ಮರಣೆಯ ಸಾಧನವನ್ನು ಚರಿತ್ರೆಯ ಪ್ರಮಾಣವೆಂದು ತಿಳಿದಾಗ ಮಾತ್ರ ತೊಡಕು. ಹನ್ನೆರಡನೆಯ ಶತಮಾನದ ಶರಣರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರಗಳು ಇಂದು ಯಾರ ಬಳಿಯೂ ಇಲ್ಲ. ಮನೆಮನೆಯಲ್ಲಿರುವ ಮುಖಗಳು ಆಧುನಿಕ ಚಿತ್ರಕಾರರ ಭಾವದಿಂದ ಮೂಡಿ, ಅಚ್ಚಿನ ಬಲದಿಂದ ಸ್ಥಿರವಾದಂಥವು. ಕಿರೀಟವನ್ನೋ ಗಡ್ಡವನ್ನೋ ಉಡುಪನ್ನೋ ತೋರಿಸಿ ಹೀಗೆಯೇ ಇದ್ದರೆಂದು ವಾದಿಸುವವರು, ಪಿಕಾರನ ತಗಡನ್ನು ನಂಬಿದ ಓದುಗರ ಸಾಲಿನಲ್ಲಿಯೇ ನಿಲ್ಲುತ್ತಾರೆ. ಶರಣರ ನಿಜವಾದ ರೂಪ ಉಳಿದಿರುವುದು ಅವರ ಮಾತಿನಲ್ಲಿ. ಆ ಮಾತನ್ನು ಓಲೆಗರಿಗಳಿಂದ ಎತ್ತಿ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಮಾಡಿಸಿದರು. ೧೯೨೫ರಲ್ಲಿ ವಿಜಾಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಪಾಠವನ್ನು ಓಲೆಯೊಡನೆ ಹೋಲಿಸಿ, ತಿದ್ದಿ, ಅಚ್ಚಿಗೆ ಕೊಟ್ಟ ಆ ಶ್ರದ್ಧೆಯನ್ನು ಚಿತ್ರದ ವಿಷಯದಲ್ಲಿಯೂ ತೋರಿಸುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಹಳೆಯ ಚಿತ್ರವೊಂದು ಕೈಗೆ ಬಂದಾಗ ಅದರ ಅಡಿಯಂಚನ್ನು ಮೊದಲು ನೋಡಬೇಕು. ಬರೆದವನು ಯಾರು, ಏನನ್ನು ಕಂಡು ಬರೆದನು, ಅಚ್ಚುಮಾಡಿದವನು ಯಾರು ಎಂದು ಕೇಳಬೇಕು.

ಅಡಿಯಂಚು ಉಳಿದಿದ್ದರೆ ತಾನೆ ಕೇಳುವುದು? ಹಳೆಯ ಪಟಗಳಿಗೆ ಹೊಸ ಕಟ್ಟು ಹಾಕಿಸುವಾಗ ಹೆಸರಿರುವ ಅಂಚನ್ನೇ ಕತ್ತರಿಸಿ ಎಸೆಯುವುದು ವಾಡಿಕೆ. ಕಲ್ಲಚ್ಚಿನ ಪುರಾಣಗಳ ರಟ್ಟು ಹರಿದಾಗ ಮುಖಪುಟವೇ ಮೊದಲು ಕಳೆಯುತ್ತದೆ. ಮಠಗಳ ಭಂಡಾರಗಳಲ್ಲಿಯೂ ಹಳೆಯ ಮನೆತನಗಳ ಅಟ್ಟಗಳ ಮೇಲೂ ಇರುವ ಇಂಥ ಹಾಳೆಗಳಿಗೆ ಗೆದ್ದಲು ಹತ್ತುವ ಮುನ್ನ, ಅಂಚು ಸಹಿತವಾಗಿ ಅವುಗಳನ್ನು ತೆಗೆದಿಡಬೇಕು. ಗೀರಿನಲ್ಲಿ ಉಳಿದ ಮಸಿಯಿಂದಲೇ ಓಲೆಯ ಅಕ್ಷರ ಬದುಕಿ ಬಂದಿತು. ಕಾಗದದ ಚರಿತ್ರೆ ಉಳಿಯುವುದೂ ಅಂಥ ಸಣ್ಣ ಗುರುತುಗಳಿಂದಲೇ.